ಮೀಟರು ಒಂದು ಕಡೆ, ಮುಖಗಳು ಒಂದು ಕಡೆ

ಮೇಸ್ತ್ರಿಯ ಕಿವಿ ಮಂದವಾಗಿ ಎರಡು ವರ್ಷವಾಗಿತ್ತು. ಮಾತು ಅಷ್ಟಿಷ್ಟು ಕೇಳಿಸುತ್ತಿತ್ತು, ಉಳಿದದ್ದು ಎದುರಿಗಿದ್ದವರ ತುಟಿ ನೋಡಿದರೆ ತಿಳಿಯುತ್ತಿತ್ತು. ಆದರೆ ಕೆಟ್ಟ ಆಂಪ್ಲಿಫೈಯರಿನ ಗುಂಯ್ ಎಂಬ ಸದ್ದು ಪೂರಾ ಅಳಿಸಿಹೋಗಿತ್ತು. ಸದ್ದು ರಿಪೇರಿ ಮಾಡುವವನಿಗೆ ಸದ್ದೇ ಕೇಳಿಸದು ಅಂತ ಗೊತ್ತಾದರೆ ಯಾವ ಗಿರಾಕಿ ಮೆಟ್ಟಿಲು ಹತ್ತುತ್ತಾನೆ? ಈ ಗುಟ್ಟು ಗೊತ್ತಿದ್ದದ್ದು ಹೆಂಡತಿಗೊಬ್ಬಳಿಗೇ. ಅವನು ಮೀಟರು ನೋಡಿ ಕೆಲಸ ಮಾಡುತ್ತಿದ್ದ, ಗಿರಾಕಿಯ ಮುಖ ನೋಡಿ ಮಾತಾಡುತ್ತಿದ್ದ. ಮುಖ ಅರಳಿದರೆ "ಹೋಯ್ತು ನೋಡಿ", ಗಂಟಿಕ್ಕಿದರೆ "ಇನ್ನೂ ಇದೆ, ತಾಳಿ". ಹೀಗೇ ಬದುಕು ಸಾಗಿತ್ತು.

ಅವತ್ತು ಮೈಕ್‌ಸೆಟ್ ಯಜಮಾನರು ತಮ್ಮ ದೊಡ್ಡ ಆಂಪ್ಲಿಫೈಯರ್ ಹೊರಿಸಿಕೊಂಡು ಬಂದರು. ಅಂಗಡಿಯ ಅರ್ಧ ಕೆಲಸ ಅವರದೇ.

"ಆನ್ ಮಾಡಿದ್ರೆ ಸಾಕು, ದುಂಬಿ ಹೊಕ್ಕ ಹಾಗೆ ಗುಂಯ್ ಅನ್ನುತ್ತೆ ಮೇಸ್ತ್ರಿ!"

ಪಕ್ಕದ ಸ್ಟೂಲಿನಲ್ಲಿ ಹೆಂಡತಿಯ ತಮ್ಮ ಕೂತಿದ್ದ. ನಲವತ್ತು ದಾಟಿದ ಗಂಡಸು, ಕೆಲಸ ಕಲಿತದ್ದು ಇದೇ ಮೇಜಿನ ಮೇಲೆ, ಕಣ್ಣಿಟ್ಟದ್ದು ಭಾವನ ಕುರ್ಚಿಯ ಮೇಲೆ. ಉಂಡ ಮನೆಗೆ ಎರಡು ಬಗೆಯುವುದನ್ನು ಕೆಲವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮೇಸ್ತ್ರಿ ಮುಚ್ಚಳ ಬಿಚ್ಚಿದ. ಮೊದಲು ಸೀರೀಸ್ ಬಲ್ಬಿನ ಮೂಲಕ ಕರೆಂಟು ಕೊಟ್ಟ. ಬಲ್ಬು ಮಿಂಚಿ ಮಂಕಾಯಿತು, ಅಂದರೆ ಶಾರ್ಟ್ ಇಲ್ಲ. ನಾಲ್ಕೂ ಡಯೋಡು ಸರಿಯಿದ್ದವು. ಪವರ್ ಸಪ್ಲೈಗೆ ಮೀಟರು ಇಟ್ಟರೆ, ಏರಿಳಿತವೇ ಇರಬಾರದ ಕಡೆ ಮೂರು ವೋಲ್ಟ್ ಕುಣಿಯುತ್ತಿತ್ತು. ಗುಂಯ್ ಹುಟ್ಟುತ್ತಿದ್ದದ್ದು ಅಲ್ಲೇ. ಆ ಏರಿಳಿತವನ್ನು ನುಂಗಬೇಕಾದ ದೊಡ್ಡ ಕೆಪಾಸಿಟರಿನ ನೆತ್ತಿ ಉಬ್ಬಿತ್ತು. ಪ್ಲಗ್ಗು ಕಿತ್ತು, ಅದರೊಳಗೆ ಉಳಿದಿದ್ದ ಕರೆಂಟನ್ನು ಇಳಿಸಿ, ಹೊಸದು ಬೆಸೆದ. ಮತ್ತೆ ನೋಡಿದರೆ ಕುಣಿತ ನಿಂತಿತ್ತು. ಅಚ್ಚುಕಟ್ಟಾದ ಕೆಲಸ.

"ಸ್ಪೀಕರ್ ನಾನು ಹಾಕ್ತೀನಿ ಭಾವ," ಎಂದು ಭಾಮೈದ ಆಂಪ್ಲಿಫೈಯರಿನ ಹಿಂದೆ ಬಗ್ಗಿದ. ಸ್ವಿಚ್ಚು ಒತ್ತಿದ್ದೇ ಮುಖ ಕಿವುಚಿ ಕಿವಿಗೆ ಬೆರಳಿಟ್ಟ.

"ಅಯ್ಯೋ, ಹಾಗೇ ಇದೆಯಲ್ಲ!"

ಏನೂ ಅರ್ಥವಾಗದ ಯಜಮಾನರ ಹುಬ್ಬೂ ಗಂಟಾಯಿತು. ಮೇಸ್ತ್ರಿ ಮೀಟರು ನೋಡಿದ, ಮುಖ ನೋಡಿದ. ಮೀಟರು ಇಲ್ಲ ಅನ್ನುತ್ತಿದೆ, ಎರಡು ಮುಖಗಳು ಇದೆ ಅನ್ನುತ್ತಿವೆ. ಪಾಪದವನು ಮುಖಗಳನ್ನು ನಂಬಿದ.

"ಹೂಂ, ನಂಗೂ ಕೇಳಿಸ್ತಿದೆ. ಸ್ವಲ್ಪ ಉಳ್ಕೊಂಡಿದೆ."

ಭಾಮೈದ ಇನ್ನೊಂದು ಕೈ ಮೇಲೆತ್ತಿದ. ಅದರಲ್ಲಿ ಸ್ಪೀಕರಿನ ವೈರು ನೇತಾಡುತ್ತಿತ್ತು.

"ಸ್ಪೀಕರೇ ಹಾಕಿಲ್ಲ ಭಾವ. ಎಲ್ಲಿಂದ ಕೇಳಿಸ್ತು?"

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭಾಮೈದ ಅವರತ್ತ ತಿರುಗಿ, "ಅಕ್ಕ ಹೇಳ್ದಾಗ ನಾನೂ ನಂಬಿರ್ಲಿಲ್ಲ," ಅಂದದ್ದನ್ನು ಮೇಸ್ತ್ರಿ ತುಟಿಯಲ್ಲೇ ಓದಿದ. ಆ ಒಂದು ಮಾತು ತಿಳಿಯದೇ ಹೋಗಿದ್ದರೆ ಸಾಕಿತ್ತು.

ಆಮೇಲೆ ಭಾಮೈದ ನಿಜವಾಗಿ ವೈರು ಸಿಕ್ಕಿಸಿದ. ಯಜಮಾನರ ಮುಖ ಅರಳಿತು. ಗುಂಯ್ ಪೂರ್ತಿ ಹೋಗಿತ್ತು. ಅವರು ಭಾಮೈದನ ಬೆನ್ನು ತಟ್ಟಿದರು.

"ಭೇಷ್ ಕಣಯ್ಯ! ಇನ್ಮೇಲೆ ನಮ್ದೆಲ್ಲಾ ನೀನೇ ನೋಡ್ಕೋ."

ಗಲಾಟೆ ಕೇಳಿ ಹೆಂಡತಿ ಒಳಗಿನಿಂದ ಬಂದಳು. ತಮ್ಮನ ಮುಖ ನೋಡಿದಳು, ಗಂಡನ ಮುಖ ನೋಡಲಿಲ್ಲ. ಎರಡು ವರ್ಷ ಅವನ ಭುಜ ಮುಟ್ಟಿ ಮೆಲ್ಲಗೆ ಮಾತಾಡುತ್ತಿದ್ದವಳು ಈಗ ಕೈ ಬೀಸಿ, ಬೀದಿಗೆಲ್ಲ ಕೇಳುವಂತೆ ಕಿರುಚಿದಳು:

"ಏಳ್ರೀ, ಏಳಿ! ಅವ್ನು ಕೂತ್ಕೊಳ್ಲಿ!"

ಅದು ಅವನಿಗೆ ಚೆನ್ನಾಗಿ ಕೇಳಿಸಿತು.