ದಿಣ್ಣೆಯ ನೆತ್ತಿಯ ತೂತು

"ಪೈಪಿಗೆ ತೂತು ಕೊರೆಯೋ ಫಿಟ್ಟರನ್ನ ನನ್ನ ಸರ್ವೀಸಲ್ಲೇ ನೋಡಿರಲಿಲ್ಲ ಕಣ್ರೀ!" ಅಂಗಳದಲ್ಲಿ ನೆರೆದಿದ್ದವರಿಗೆಲ್ಲ ಕೇಳುವಂತೆ ಎಂಜಿನಿಯರ್ ಹೇಳಿದ. "ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದೋನ ಕೈಗೆ ಸ್ಪ್ಯಾನರ್ ಕೊಟ್ರೆ ಇನ್ನೇನಾಗುತ್ತೆ!"

ಜನ ಕಿಸಕ್ಕೆಂದರು. ಫಿಟ್ಟರನ ಕಿವಿ ಕೆಂಡವಾಯಿತು.

ಗುಡ್ಡದ ಬುಗ್ಗೆಯಿಂದ ಅಕ್ಕನ ಮನೆಯವರೆಗೆ ಪೈಪು ಎಳೆದವನು ಅವನೇ. ಸರ್ಕಾರದ ಸಹಾಯಧನ ಸಿಗಬೇಕಾದರೆ ತನಿಖೆಯ ದಿನ ಕಾಲು ಗಂಟೆಯೊಳಗೆ ನಲ್ಲಿಯಡಿ ಬಕೆಟ್ ತುಂಬಬೇಕು. ತುಂಬದಿದ್ದರೆ ಅರ್ಜಿ ಮುಂದಿನ ವರ್ಷದ ಫೈಲುಗಳ ಕಟ್ಟಿನ ಅಡಿಗೆ. ಸೊಂಟ ಹಿಡಿದ ಅಕ್ಕ ಇನ್ನೊಂದು ವರ್ಷ ಹಳ್ಳಕ್ಕಿಳಿದು ಕೊಡ ಹೊರಬೇಕು.

ನಕ್ಷೆ ಬರೆದವರು ಬುಗ್ಗೆಗೂ ಮನೆಗೂ ಸ್ಕೇಲಿಟ್ಟು ನೆಟ್ಟಗೆ ಗೆರೆ ಎಳೆದಿದ್ದರು. ಮನೆಯ ಹಿಂದಿನ ದಿಣ್ಣೆ ಕಾಗದದಲ್ಲಿ ಎಲ್ಲಿ ಕಾಣಬೇಕು? ಗೆರೆ ತಪ್ಪಿಸಿದರೆ ಸಹಾಯಧನಕ್ಕೆ ಕೊಕ್ಕೆ. ಅದಕ್ಕೇ ಅವನು ಪೈಪನ್ನು ದಿಣ್ಣೆ ಹತ್ತಿಸಿ, ನೆತ್ತಿಯಲ್ಲಿ ಮೊಳೆ ಗಾತ್ರದ ತೂತು ಕೊರೆದು ಮರದ ಬೆಣೆ ಜಡಿದಿದ್ದ.

"ಸಾರ್, ಅದು ಗಾಳಿ ಹೋಗೋಕೆ..."

"ಗಾಳಿ ತುಂಬಿರೋದು ನಿನ್ನ ತಲೇಲಿ. ನಾನೇ ಟೇಪು ಸುತ್ತಿ ಬಂದಿದ್ದೀನಿ. ಬಿಡ್ರೀ ನೀರು!"

ಮೇಲೆ ಬುಗ್ಗೆಯ ಬಳಿ ನಿಂತಿದ್ದ ಭಾವ ವಾಲ್ವ್ ತಿರುಗಿಸಿದ. ನಲ್ಲಿ ಎರಡು ಸಲ ಕೆಮ್ಮಿ ಬಾಯಿ ಮುಚ್ಚಿತು.

"ಸಾಹೇಬ್ರ ಎದುರಿಗೆ ನಲ್ಲಿಗೂ ನಾಚಿಕೆ ಕಣೋ," ಎಂದಳು ಪಕ್ಕದ ಮನೆಯ ಅಜ್ಜಿ. "ನಮ್ಮನೇದೂ ಹೋದ್ವರ್ಷ ಹಿಂಗೇ ಕೆಮ್ಮಿ ಸುಮ್ಮನಾಗಿದ್ದು."

ಐದು ನಿಮಿಷ. ಎಂಜಿನಿಯರ್ ಪೆನ್ನಿನ ಮುಚ್ಚಳ ತೆಗೆದ. ಅಕ್ಕ ನಲ್ಲಿಯನ್ನು ನೋಡುತ್ತಿರಲಿಲ್ಲ, ತಮ್ಮನನ್ನು ನೋಡುತ್ತಿದ್ದಳು.

ಅವನು ಓಟ ಕಿತ್ತ. ಚಪ್ಪಲಿ ಒಂದು ಕಡೆ, ಅವನೊಂದು ಕಡೆ. ದಿಣ್ಣೆಯ ನೆತ್ತಿಯಲ್ಲಿ ಮಂಡಿಯೂರಿ ಟೇಪನ್ನು ಹಲ್ಲಿನಿಂದ ಹರಿದ, ಬೆಣೆ ಕಿತ್ತ. ಬುಸ್ಸ್! ಪೈಪಿನ ಹೊಟ್ಟೆಯೊಳಗೆ ಸಿಕ್ಕಿಬಿದ್ದಿದ್ದ ಗಾಳಿಯೆಲ್ಲ ಅವನ ಮುಖಕ್ಕೆ ರಾಚಿತು. ಬಾರೇ, ಬಾರೇ ನನ್ನವ್ವ ಎಂದು ಹಲ್ಲು ಕಚ್ಚಿದ. ಗಾಳಿ ಸಣ್ಣಗಾಯಿತು, ಗೊರಗುಟ್ಟಿತು, ಚಿಳ್ಳೆಂದು ನೀರು ಕಣ್ಣಿಗೇ ಬಡಿಯಿತು. ಕಲ್ಲಿನಿಂದ ಬೆಣೆ ಜಡಿದ.

ಕೆಳಗೆ ಅಂಗಳವೇ ಹಾರಿಹೋಗುವಂಥ ಕೂಗು.

ಅವನು ಇಳಿದು ಬರುವಷ್ಟರಲ್ಲಿ ಬಕೆಟ್ ಕಂಠಮಟ್ಟ. ಅಕ್ಕ ಎರಡೂ ಕೈ ನಲ್ಲಿಗೊಡ್ಡಿ ಮೊಣಕೈತನಕ ತೊಯ್ದು, "ಅಯ್ಯೋ, ಎಷ್ಟು ತಣ್ಣಗಿದೆ ಕಣೋ!" ಎಂದು ನಗುತ್ತಿದ್ದಳು.

"ಹನ್ನೆರಡು ನಿಮಿಷ," ಎಂದು ಗೊಣಗಿ ಎಂಜಿನಿಯರ್ ಸಹಿ ಹಾಕಿದ.

"ಸಾಹೇಬ್ರೇ, ನಿಮ್ಮ ಆಫೀಸಿಗೂ ಒಂದು ತೂತು ಕೊರೆಸ್ಕೊಳ್ಳಿ," ಎಂದಳು ಅಜ್ಜಿ, "ಒಳಗಿನ ಗಾಳಿ ಹೋಗ್ಲಿ!"

ಈ ಸಲದ ನಗು ಬೇರೆಯೇ ಇತ್ತು. ಎಂಜಿನಿಯರ್ ದನಿ ತಗ್ಗಿಸಿ ಹತ್ತಿರ ಬಂದ. "ಅಲ್ಲಯ್ಯಾ, ಇಂಥಾ ಹನ್ನೊಂದು ನಲ್ಲಿ ಒಣಗಿ ನಿಂತಿವೆ. ಇದನ್ನ ನಿಂಗೆ ಯಾರು ಹೇಳಿಕೊಟ್ಟರು?"

ಫಿಟ್ಟರ್ ಅವನ ಮುಖವನ್ನೊಮ್ಮೆ ನೋಡಿದ. ನೆಲದ ಮೇಲಿದ್ದ ತನ್ನ ಡ್ರಿಲ್ ಎತ್ತಿಕೊಂಡು, ಅಜ್ಜಿಯ ಮನೆಯ ಹಿಂದಿನ ದಿಣ್ಣೆಯ ಕಡೆ ಬರಿಗಾಲಲ್ಲಿ ನಡೆದುಹೋದ.