ಫೋಟೋ ಹಿಂದೆ ಪಾದ್ರಿಯಮ್ಮನ ಸಹಿ

ಇಂಗ್ಲೆಂಡಿನ ನಮ್ಮ ಪುಟ್ಟ ಊರು ಟಾಡ್‌ಮಾರ್ಡನ್ನಿನಲ್ಲಿ ಎಪ್ಪತ್ತು ದಾಟಿದವರ ವಯಸ್ಸನ್ನು ಯಾರೂ ಕೇಳುವುದಿಲ್ಲ. ಹಾಗಿರುವಾಗ ಎಪ್ಪತ್ತಮೂರರ ನೆವಿಲ್ ಗಾರ್‌ಸೈಡ್‌ನ ಫೋನಿಗೆ ಒಂದು ಸಂದೇಶ ಬಂತು: "ನೀವು ವಯಸ್ಕರ ವೆಬ್‌ಸೈಟು ನೋಡಿದ್ದೀರಿ. ಹೊಸ ಕಾನೂನಿನಂತೆ ಹದಿನೆಂಟು ತುಂಬಿದೆ ಎಂದು ಸಾಬೀತು ಮಾಡಿ. ಪಾಸ್‌ಪೋರ್ಟ್, ಫೋಟೋ, ಬ್ಯಾಂಕ್ ಕಾರ್ಡಿನ ಸಂಖ್ಯೆ ಇಂದೇ ಕಳಿಸಿ. ಇಲ್ಲದಿದ್ದರೆ ದಂಡದ ಕಾಗದ ಮನೆಗೆ ಬರುತ್ತದೆ."

ಹೋದ ವಾರ ಅವನು ಅಂಥ ಸೈಟಿಗೆ ಇಣುಕಿದ್ದು ನಿಜ. ಮನೆಗೆ ಬರುವ ಕಾಗದವನ್ನೆಲ್ಲ ಒಡೆದು ಓದುವವಳು ಹೆಂಡತಿ ಗ್ಲೆನಿಸ್. ಪಾಪ, ಅವನ ಜೀವ ಬಾಯಿಗೆ ಬಂತು.

ನಮ್ಮಲ್ಲಿ ಪಾಸ್‌ಪೋರ್ಟ್ ಮಾಡಿಸುವಾಗ ಫೋಟೋ ಹಿಂದೆ ಊರಿನ ಮರ್ಯಾದಸ್ಥರೊಬ್ಬರು 'ಇದು ಇವರದೇ ಮುಖ' ಎಂದು ಬರೆದು ಸಹಿ ಹಾಕುವುದುಂಟು. ಇದಕ್ಕೂ ಹಾಗೇ ಇರಬೇಕೆಂದುಕೊಂಡ ನೆವಿಲ್, ಅದೇ ದಿನ ಚರ್ಚಿನ ಗುರುವಾರದ ಕಾಫಿ ಕೂಟಕ್ಕೆ ಫೋಟೋ ಹಿಡಿದು ಬಂದ. ಟೀ ಬಗ್ಗಿಸುತ್ತಿದ್ದವಳು ನಾನೇ.

"ಪಾದ್ರಿಯಮ್ಮ, ಇದರ ಹಿಂದೆ ಒಂದ್ ಸಹಿ ಹಾಕ್ಬಿಡಿ."

"ಪಾಸ್‌ಪೋರ್ಟಿಗಾ ನೆವಿಲ್? ಎಲ್ಲಿಗೆ ಹೊರಟ್ರಿ?" ಎಂದರು ಪಾದ್ರಿ ಫಿಲಿಪಾ.

"ಎಲ್ಲಿಗೂ ಇಲ್ಲ. ಆ... ಬಟ್ಟೆ ಹಾಕ್ದೆ ಇರೋರ ಸೈಟಿಗೆ."

ನೆವಿಲ್‌ನ ಕಿವಿ ಮಂದ. ಅವನು ಪಿಸುಗುಟ್ಟಿದರೆ ಪಕ್ಕದ ಬೀದಿಗೆ ಕೇಳುತ್ತದೆ. ಎಲ್ಲರ ಚಮಚಗಳೂ ನಿಂತವು. ನಾನು ಕಪ್ಪು ತುಂಬಿದ್ದೂ ತಿಳಿಯದೆ ಟೀ ಸುರಿಯುತ್ತಲೇ ಇದ್ದೆ.

ಫಿಲಿಪಾ ನಗಲಿಲ್ಲ. ನೆವಿಲ್ ಚಾಚಿದ ಫೋನು ತೆಗೆದುಕೊಂಡು ಸಂದೇಶ ಓದಿದರು. "ಏನಾದ್ರೂ ಕಳಿಸಿಬಿಟ್ರಾ?"

"ನಿಮ್ಮ ಸಹಿ ಇಲ್ದೆ ಹೇಗೆ ಕಳಿಸ್ಲಿ?"

"ಸದ್ಯ, ಬಚಾವಾದ್ರಿ! ಇದು ಕಳ್ಳರ ಕೆಲಸ."

"ಕಾನೂನು ಬಂದಿದೆ ಅಂತ ರೇಡಿಯೋದಲ್ಲೇ ಹೇಳಿದ್ರಲ್ಲ?"

"ಕಾನೂನು ನಿಜಾನೇ. ಮಕ್ಕಳ ಕಣ್ಣಿಗೆ ಅಂಥದ್ದು ಬೀಳದಿರ್ಲಿ ಅಂತ ಮಾಡಿರೋದು. ಅದು ಹಿಡಿಯೋದು ಸೈಟಿನವರನ್ನ, ನಿಮ್ಮನ್ನಲ್ಲ. ಸೈಟಿಗೆ ಹೋದಾಗ ಬಾಗಿಲಲ್ಲೇ ವಯಸ್ಸು ಕೇಳ್ತಾರೆ. ನೋಡಿದ್ದಕ್ಕೆ ದಂಡ ಅಂತ ಫೋನಿಗೆ ಬಂದು ಹೆದರಿಸೋದು ಕಾನೂನಲ್ಲ."

"ಆದ್ರೂ... ಗ್ಲೆನಿಸ್‌ಗೆ ಗೊತ್ತಾಗ್ಬಿಟ್ರೆ?"

"ಗೊತ್ತಾಯ್ತು," ಎಂದಳು ಗ್ಲೆನಿಸ್. ಕೇಕ್ ಕತ್ತರಿಸುವ ಚಾಕು ಹಿಡಿದು ಅವನ ಬೆನ್ನ ಹಿಂದೆಯೇ ನಿಂತಿದ್ದಳು. "ನನಗಷ್ಟೇ ಅಲ್ಲ, ಊರಿಗೇ ಗೊತ್ತಾಯ್ತು. ಇನ್ನು ಆ ಕಳ್ಳ ಏನಂತ ಹೆದರಿಸ್ತಾನೆ?"

ನೆವಿಲ್ ಬೆವರು ಒರೆಸಿಕೊಂಡ. ಗ್ಲೆನಿಸ್ ಫೋಟೋ ಎತ್ತಿ ನೋಡಿದಳು. "ಈ ಮುಖಕ್ಕೆ ಹದಿನೆಂಟಾಯ್ತಾ ಅಂತ ಕೇಳ್ತಾನಲ್ಲ, ಕಳ್ಳನೇ ಸೈ!"

ಫಿಲಿಪಾ ಹೇಳಿಕೊಟ್ಟಂತೆ ಆ ಸಂದೇಶವನ್ನು ದೂರಿನ ಸಂಖ್ಯೆ 7726ಕ್ಕೆ ದಾಟಿಸಿ ಅಳಿಸಿದರು. ನೆವಿಲ್‌ಗೆ ಆ ದಿನ ಕೇಕ್ ಸಿಗಲಿಲ್ಲ. ಪಾಸ್‌ಪೋರ್ಟ್ ಮಾತ್ರ ಮನೆಯ ಬೀರುವಿನಲ್ಲಿ ಭದ್ರವಾಗಿ ಉಳಿಯಿತು.

ಓದುತ್ತಿರುವ ನಿಮಗೂ ಇದೇ ಮಾತು. ವಯಸ್ಸು ತೋರಿಸಿ ಎಂದು ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತಬೇಡಿ, ಕಾರ್ಡು ಪಾಸ್‌ಪೋರ್ಟು ಕಳಿಸಬೇಡಿ. ಕಳ್ಳ ನಂಬಿರುವುದು ನಿಮ್ಮ ನಾಚಿಕೆಯನ್ನು. ಮೊದಲು ಒಬ್ಬರ ಹತ್ತಿರ ಬಾಯಿಬಿಟ್ಟು ಹೇಳಿ. ನೆವಿಲ್‌ನಷ್ಟು ಜೋರಾಗಿ ಬೇಕಿಲ್ಲ.