ಗಂಗೆಗೊಂದು ಚೆಂಬು ನೀರು

ನಂದಿಬೆಟ್ಟದ ಆಚೆಗೆ ಕಾಲಿಡದವರೆಲ್ಲ ಸೇರಿ ಕಾಶಿಗೆ ಹೋಗುವುದು ಹೇಗೆಂದು ನನಗೆ ಹೇಳಿಕೊಟ್ಟರು. ದುಡ್ಡನ್ನೆಲ್ಲ ಒಂದೇ ಕಡೆ ಇಡಬೇಡ. ರೈಲಿನಲ್ಲಿ ಯಾರು ಬಿಸ್ಕತ್ತು ಕೊಟ್ಟರೂ ಬಾಯಿಗೆ ಹಾಕಬೇಡ. ಮೊಬೈಲಿಗೆ ರೋಮಿಂಗ್ ಬೀಳುತ್ತದೆ, ಬೂತಿನಿಂದಲೇ ಫೋನ್ ಮಾಡು. ದೋಣಿ ಹತ್ತುವ ಮೊದಲೇ ಬಾಡಿಗೆ ಮಾತಾಡಿಕೋ. ದಾರಿ ತಪ್ಪಿದರೂ ದಾರಿ ಗೊತ್ತಿರುವವಳ ಹಾಗೇ ನಡೆ. ಒಂಟಿ ಹೆಂಗಸು ಅಂತ ಯಾರಿಗೂ ಹೇಳಬೇಡ, ಗಂಡ ಹಿಂದಿನ ಬೋಗಿಯಲ್ಲಿದ್ದಾನೆ ಅನ್ನು. ಇಲ್ಲದ ಗಂಡನನ್ನು ಹೀಗೆ ರೈಲು ಹತ್ತಿಸಿ ಕಳಿಸಿದ್ದು ನಮ್ಮ ಕೇರಿಯ ಮುನಿಗಂಗಪ್ಪಜ್ಜ. ಅಷ್ಟು ಸಾಲದೆಂದು ತೆಲುಗಿನಲ್ಲಿ ಒಂದು ಗಾದೆಯನ್ನೂ ಸೇರಿಸಿದ. "ಕಾಶಿಕಿ ಪೋಯಿನೋಡು ಕಾಟಿಕಿ ಪೋಯಿನೋಡು ಒಕಟೇ." ಕಾಶಿಗೆ ಹೋದವನೂ ಸುಡುಗಾಡಿಗೆ ಹೋದವನೂ ಒಂದೇ ಅಂತ. ಊರು ಬಿಡುವ ಹೊತ್ತಿಗೆ ಕೇಳಲು ಎಷ್ಟು ಚೆನ್ನಾದ ಮಾತು!

ನಾನು ಅಮೃತ. ಗೌರಿಬಿದನೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಮನೆ ಇರುವುದು ಮಂಚೇನಹಳ್ಳಿಯಿಂದ ಒಳಗಿನ ಒಂದು ಹಳ್ಳಿಯಲ್ಲಿ, ಊರಿನಿಂದ ಸ್ವಲ್ಪ ದೂರ. ಎಷ್ಟು ದೂರ, ಯಾಕೆ ದೂರ ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನಮ್ಮಪ್ಪ ಕೋನಪ್ಪ ಹಾಸ್ಟೆಲಿನಲ್ಲಿ ಅಟೆಂಡರ್ ಆಗಿದ್ದು ನಿವೃತ್ತನಾದವನು. ಬುದ್ಧನನ್ನು ನಂಬಿದವನು. ಬುದ್ಧ ಮೊದಲು ಮಾತಾಡಿದ ಸಾರನಾಥವನ್ನು ಒಮ್ಮೆ ನೋಡಬೇಕೆಂದು ಜೀವಮಾನವೆಲ್ಲ ಹೇಳಿಕೊಂಡು ಬಂದ. ಸಾರನಾಥ ಇರುವುದು ಕಾಶಿಯ ಪಕ್ಕದಲ್ಲೇ. ಆದರೆ ಕೈಗೆ ಬಿಡುವು ಬರುವ ಹೊತ್ತಿಗೆ ಮಂಡಿ ಕೈಕೊಟ್ಟಿತ್ತು. "ನೀನು ನೋಡ್ಕೊಂಡು ಬಾರಮ್ಮ, ನಾನು ನೋಡಿದಂಗೇ ಆಯ್ತು" ಅಂದ. ಎರಡು ಸಾವಿರದ ಆರರ ದಸರಾ ರಜೆಯಲ್ಲಿ ನಾನು ಹೊರಟೆ. ರೈಲಿನ ಹೆಸರು ಸಂಘಮಿತ್ರ ಎಂದು ಕೇಳಿದ ಮೇಲಂತೂ ಅಪ್ಪ ಮಗುವಿನ ಹಾಗೆ ಹಿಗ್ಗಿದ. "ಅಶೋಕನ ಮಗಳೇ ಕರ್ಕೊಂಡು ಹೋಗ್ತಾಳೆ, ಇನ್ನೇನಮ್ಮ ಭಯ!"

ನಮ್ಮೂರಿನಲ್ಲಿ ನಿಜವಾಗಿ ಕಾಶಿ ನೋಡಿದ್ದವರು ಒಬ್ಬರೇ, ಚಿಕ್ಕವೆಂಕಟಪ್ಪನವರು. ಹಿಪ್ಪುನೇರಳೆ ತೋಟ, ಹುಳು ಸಾಕುವ ದೊಡ್ಡ ಶೆಡ್ಡು ಎಲ್ಲ ಇರುವ ಮನೆ. ನಮ್ಮಮ್ಮ ಆದಿಲಕ್ಷ್ಮಮ್ಮ ಮದುವೆಯಾಗಿ ಬಂದಾಗಿನಿಂದ ಅವರ ರೇಷ್ಮೆಹುಳುಗಳಿಗೆ ಸೊಪ್ಪು ಹಾಕುತ್ತಾಳೆ. ಆ ಹುಳುಗಳು ಯಾವಾಗ ಹಸಿಯುತ್ತವೆ, ಯಾವಾಗ ಮೇವು ಬಿಟ್ಟು ಪೊರೆ ಕಳಚಲು ಜ್ವರಕ್ಕೆ ಕೂರುತ್ತವೆ ಎಂಬುದು ಅವಳಿಗೆ ನನ್ನ ಹಸಿವಿಗಿಂತ ಚೆನ್ನಾಗಿ ಗೊತ್ತು. ಹುಳುಗಳ ಮನೆಯೊಳಗೆ ಅವಳು ಹೋಗಬಹುದು. ಮನುಷ್ಯರ ಮನೆಯೊಳಗೆ ಮಾತ್ರ ಇಷ್ಟು ವರ್ಷದಲ್ಲಿ ಒಂದು ದಿನವೂ ಹೋದವಳಲ್ಲ.

ಹೊರಡುವ ಮೊದಲು ಚಿಕ್ಕವೆಂಕಟಪ್ಪನವರು ಹೇಳಿ ಕಳಿಸಿದರೆಂದು ಅಮ್ಮನ ಜೊತೆ ಹೋದೆ. ಟೀಚರಾದ ಮೇಲೆ ನನಗೆ ಅಲ್ಲಿ ಕುರ್ಚಿ ಸಿಗುತ್ತದೆ, ಪ್ಲಾಸ್ಟಿಕ್ ಕುರ್ಚಿ, ಅಂಗಳದಲ್ಲಿ. ಟೀಯೂ ಸಿಗುತ್ತದೆ, ಪ್ಲಾಸ್ಟಿಕ್ ಲೋಟದಲ್ಲಿ. ಅಮ್ಮನ ಕಾಲದಲ್ಲಿ ತೆಂಗಿನ ಚಿಪ್ಪು ಇತ್ತಂತೆ. ಅದನ್ನು ತೊಳೆದು ಬೇಲಿಗೆ ಸಿಕ್ಕಿಸಿ ಬರಬೇಕಿತ್ತು. ಈಗ ಕುಡಿದು ಬಿಸಾಡಿದರೆ ಮುಗಿಯಿತು, ಯಾರಿಗೂ ಮುಜುಗರವಿಲ್ಲ. ಜಗುಲಿಯ ಮೇಲೆ ಕೂತ ಚಿಕ್ಕವೆಂಕಟಪ್ಪನವರ ಕೈಯಲ್ಲಿ ಸ್ಟೀಲ್ ಲೋಟ ಇತ್ತು.

"ಕಾಶೀಲಿ ಮೇಲು ಕೀಳು ಅನ್ನೋದೇ ಇಲ್ಲ ಕಣಮ್ಮ," ಅಂದರು ಅವರು ಟೀ ಊದುತ್ತ. "ಎಲ್ಲಾರೂ ಒಂದೇ ನೀರಲ್ಲಿ ಮುಳುಗ್ತಾರೆ. ಧೈರ್ಯವಾಗಿ ಹೋಗಿ ಬಾ."

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ನಾನು ನನ್ನ ಲೋಟವನ್ನು ನೋಡಿದೆ. ಅಮ್ಮ ನನ್ನ ಕಾಲು ತುಳಿದಳು.

ಆಗ ಕಿಟಕಿಯ ಒಳಗಿನಿಂದ ಯಶೋದಮ್ಮ ಕರೆದರು. ಅವರು ಚಿಕ್ಕವೆಂಕಟಪ್ಪನವರ ಹೆಂಡತಿ, ಸೊಂಟ ಮುರಿದು ಹಾಸಿಗೆ ಹಿಡಿದವರು. ಅವರ ಮಂಚ ಕಿಟಕಿಯ ಪಕ್ಕದಲ್ಲೇ ಇತ್ತು. ಗಂಡ ಕಾಶಿಗೆ ಹೋದಾಗ ಹುಳು ಹಣ್ಣಾಗಿ ಗೂಡು ಕಟ್ಟುವ ಸಮಯ, ಮನೆಯಲ್ಲಿ ಯಾರಾದರೂ ಇರಬೇಕೆಂದು ಇವರನ್ನು ಬಿಟ್ಟು ಹೋಗಿದ್ದರಂತೆ. ಅವರು ತಂದ ಗಂಗೆಯೆಲ್ಲ ನೆಂಟರಿಷ್ಟರಿಗೆ ಹಂಚಿ ಮುಗಿದಿತ್ತು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ.

"ಅಮೃತಮ್ಮ, ನಂಗೊಂದು ಗಿಂಡಿ ಗಂಗೆ ತರ್ತೀಯೇನಮ್ಮ? ನನ್ನ ಮಗನ್ನ ಕೇಳಿ ಕೇಳಿ ಸಾಕಾಯ್ತು."

"ತರ್ತೀನಿ ಅಮ್ಮೋರೆ."

"ಅಂಗಡೀಲಿ ಮಾರೋದು ಬೇಡ. ಎಲ್ಲಿ ನೀರೋ ಏನೋ. ನೀನೇ ನದೀಲಿ ನಿಂತ್ಕೊಂಡು ತುಂಬು." ಕಂಬಿಯ ಸಂದಿಯಿಂದ ಕೈ ಚಾಚಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಬೆಚ್ಚಗಿನ, ಮೂಳೆಯಷ್ಟೇ ಉಳಿದಿದ್ದ ಕೈ. "ತಂದ್ಮೇಲೆ ಒಳಗೆ ಬಂದು ನೀನೇ ನನ್ನ ಬಾಯಿಗೆ ಬಿಡ್ಬೇಕು. ನಿಮ್ಮಮ್ಮನೂ ಬರ್ಲಿ. ಯಾರೇನಂತಾರೋ ನಾನು ನೋಡ್ಕೋತೀನಿ. ಸಾಯೋಳಿಗೆ ಯಾರ ಭಯ?"

ಅಮ್ಮ ದಾರಿಯುದ್ದಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ಬಂದಳು. "ಕೇಳಿದೇನಮ್ಮ? ಒಳಗೆ ಬಾ ಅಂದ್ರು. ನಂಗೂ ಬಾ ಅಂದ್ರು." ಒಳಗೆ ಹೋಗಿ ಏನು ನೋಡಬೇಕಾಗಿದೆ, ಅಲ್ಲೂ ನಾಲ್ಕು ಗೋಡೆ ತಾನೇ ಇರುವುದು ಎಂದು ರೇಗಬೇಕೆನಿಸಿತು. ರೇಗಲಿಲ್ಲ. ಯಾಕೆಂದರೆ ಆ ಕೈಯ ಬಿಸಿ ನನ್ನ ಮಣಿಕಟ್ಟಿನಲ್ಲೂ ಉಳಿದಿತ್ತು. ನಾನೂ ನಂಬಿಬಿಟ್ಟಿದ್ದೆ.

ಮೊಘಲ್‌ಸರಾಯ್‌ನಲ್ಲಿ ಇಳಿದಾಗ ಮೈಯೆಲ್ಲ ರೈಲಿನ ಮಸಿ. ಸ್ಟೇಷನ್ನಿನ ಹೊರಗೆ ಟೀ ಕೇಳಿದೆ. ಆ ಮನುಷ್ಯ ನನ್ನನ್ನೊಮ್ಮೆ ನೋಡಿ, ಪಕ್ಕದಲ್ಲಿದ್ದ ಗಾಜಿನ ಲೋಟಗಳನ್ನೆಲ್ಲ ಬಿಟ್ಟು, ಕೆಳಗಿನ ಬುಟ್ಟಿಯಿಂದ ಒಂದು ಮಣ್ಣಿನ ಕುಡಿಕೆ ತೆಗೆದು ಅದರಲ್ಲಿ ಸುರಿದುಕೊಟ್ಟ.

ಇವನಿಗೆ ಹೇಗೆ ಗೊತ್ತಾಯಿತು? ಬಣ್ಣವೇ, ಮುಖವೇ, ನಿಂತ ರೀತಿಯೇ? ಯಾರಿಗೂ ಗೊತ್ತಿರದ ಊರಿನಲ್ಲಿ ನಾಲ್ಕು ದಿನ ಬರೀ ಮನುಷ್ಯಳಾಗಿ ಓಡಾಡಿಕೊಂಡು ಬರಬಹುದು ಎಂಬ ಆಸೆಯೂ ನನ್ನನ್ನು ಇಲ್ಲಿಯವರೆಗೆ ತಂದಿತ್ತು. ಸಿಟ್ಟು ನೆತ್ತಿಗೇರಿತು. ನನ್ನ ಹೈಸ್ಕೂಲು ಹಿಂದಿಯಲ್ಲಿ, "ನನಗೂ ಗಾಜಿನ ಲೋಟದಲ್ಲೇ ಕೊಡಿ, ನಾನೂ ದುಡ್ಡು ಕೊಡುತ್ತೇನೆ," ಎಂದು ಕೂಗಾಡಿದೆ. ಅವನು ಕಕ್ಕಾಬಿಕ್ಕಿಯಾದ. ಅಷ್ಟರಲ್ಲಿ ಹಣೆ ತುಂಬ ಗಂಧ, ಎದೆಯ ಮೇಲೆ ಜನಿವಾರ ಇದ್ದ ಒಬ್ಬ ಮುದುಕರು ಬಂದರು. ಅವರಿಗೂ ಅದೇ ಬುಟ್ಟಿಯ ಕುಡಿಕೆ. ನಿಂತೇ ಕುಡಿದರು, ರಸ್ತೆಯ ಬದಿಗೆ ಎಸೆದರು. ಫಟ್ ಎಂದು ಒಡೆಯಿತು. ಅಲ್ಲಿ ಅಂಥ ಚೂರುಗಳ ಗುಡ್ಡೆಯೇ ಬಿದ್ದಿತ್ತು.

"ಹೊಸ ಕುಡಿಕೆ ದೀದಿ, ಯಾರೂ ಬಾಯಿ ಇಟ್ಟಿಲ್ಲ. ದೂರದಿಂದ ಬಂದಿದೀರಿ ಅಂತ ಅದರಲ್ಲಿ ಕೊಟ್ಟೆ," ಅಂದ ಟೀಯವನು. ಗೌರವಕ್ಕೆ ಕೊಟ್ಟದ್ದನ್ನು ನಾನು ಅವಮಾನವೆಂದು ತಿಳಿದಿದ್ದೆ. ನಗು ಬಂತು, ಹಿಂದೆಯೇ ಅಳುವೂ ಬಂತು. ನಮ್ಮೂರು ಬಿಟ್ಟು ಇಷ್ಟು ದೂರ ಬಂದರೂ ಚಿಕ್ಕವೆಂಕಟಪ್ಪನವರ ಅಂಗಳದ ಲೋಟ ನನ್ನ ಜೊತೆಗೇ ರೈಲಿನಲ್ಲಿ ಬಂದಿತ್ತು. ಯಾರ ಬುದ್ಧಿವಾದದಲ್ಲೂ ಅದನ್ನು ಮನೆಯಲ್ಲಿ ಬಿಟ್ಟು ಹೋಗುವ ಉಪಾಯ ಇರಲಿಲ್ಲ. ಇನ್ನೊಂದು ಟೀ ಕುಡಿದು ಕುಡಿಕೆಯನ್ನು ನಾನೂ ಎಸೆದೆ. ಒಂದೇ ಏಟಿಗೆ ಒಡೆಯಿತು.

ಸಾರನಾಥದಲ್ಲಿ ಅಪ್ಪನ ಹೆಸರಿನಲ್ಲಿ ಸ್ತೂಪವನ್ನು ಸುತ್ತಿದೆ, ಅವನಿಗೆಂದು ಬೋಧಿಮರದ ಉದುರಿದ ಎಲೆಯೊಂದನ್ನು ಪುಸ್ತಕದೊಳಗೆ ಇಟ್ಟುಕೊಂಡೆ. ಅಲ್ಲಿ ಸುಮ್ಮನೆ ಕೂತಿದ್ದ ಆ ಮಧ್ಯಾಹ್ನ ನನ್ನ ಬದುಕಿನಲ್ಲೇ ನೆಮ್ಮದಿಯ ಮಧ್ಯಾಹ್ನ.

ಗಂಗೆಯನ್ನು ತುಂಬಿದ್ದು ಮಾರನೆಯ ದಿನ. ನನಗೆ ಗಂಗೆಯ ಮೇಲೆ ಭಕ್ತಿಯಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಹಾಸಿಗೆ ಹಿಡಿದ ಹೆಂಗಸಿಗೆ ಕೊಟ್ಟ ಮಾತಿನ ಮೇಲೆ ಇತ್ತು. ದಡದ ಕಸಕಡ್ಡಿ ಬೇಡವೆಂದು ದೋಣಿ ಹತ್ತಿ ನಡುನೀರಿಗೆ ಹೋಗಿ, ಬಗ್ಗಿ, ತಾಮ್ರದ ಗಿಂಡಿಯನ್ನು ಕೈಯಾರೆ ತುಂಬಿದೆ. ದಡದಲ್ಲಿ ಅದರ ಬಾಯಿಗೆ ಬೆಸುಗೆ ಹಾಕಿಸಿದೆ.

ವಾಪಸು ಬರುವಾಗ ದೋಣಿಯವನು ಸುಡುವ ಘಟ್ಟದ ಮುಂದೆ ಹುಟ್ಟು ನಿಲ್ಲಿಸಿದ. ಮೆಟ್ಟಿಲ ಮೇಲೆ ರೇಷ್ಮೆ ಜುಬ್ಬಾ ತೊಟ್ಟ, ಬೆರಳಿಗೆಲ್ಲ ಉಂಗುರ ಹಾಕಿದ ಒಬ್ಬ ಮನುಷ್ಯ ತಾಯಿಯ ಹೆಣವಿಟ್ಟುಕೊಂಡು ನಿಂತಿದ್ದ. ಮೇಲಿಂದ ಲುಂಗಿಯುಟ್ಟವನೊಬ್ಬ ಹುಲ್ಲಿನ ಕಂತೆಯಲ್ಲಿ ಕೆಂಡ ತಂದ. ಉಂಗುರದ ಮನುಷ್ಯ ಬಗ್ಗಿ, ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡ. "ಅವನು ಡೋಮ," ಅಂದ ದೋಣಿಯವನು. "ಊರಿನಲ್ಲಿ ಅವನನ್ನು ಯಾರೂ ಮುಟ್ಟುವುದಿಲ್ಲ. ಆದರೆ ಅವನು ಬೆಂಕಿ ಕೊಡದೆ ಇಲ್ಲಿ ರಾಜನೂ ಸುಡುವುದಿಲ್ಲ."

ಮೇಲು ಕೀಳು ಇಲ್ಲದ ಕಾಶಿ ಇದೇ ಎಂದು ಗೊತ್ತಾಯಿತು.

ಊರಿಗೆ ಬಂದ ಮಾರನೆಯ ಬೆಳಿಗ್ಗೆಯೇ ಅಮ್ಮ ತಲೆಗೆ ಸ್ನಾನ ಮಾಡಿ, ಹಬ್ಬಕ್ಕೆಂದು ಎತ್ತಿಟ್ಟ ಸೀರೆ ಉಟ್ಟು ಸಿದ್ಧಳಾದಳು. ನಾನು ಗಿಂಡಿ ಹಿಡಿದುಕೊಂಡೆ. ಚಿಕ್ಕವೆಂಕಟಪ್ಪನವರ ಬಾಗಿಲಲ್ಲಿ ಸೊಸೆ ಶೋಭಾರಾಣಿ ನಿಂತಿದ್ದಳು. ಚಿಂತಾಮಣಿಯ ಹುಡುಗಿ, ಬಿ.ಎ. ಮಾಡಿದವಳು, ಮಾತು ಬಲು ನಯ.

"ಬಂದ್ಯಾ ಅಮೃತ? ಪ್ರಯಾಣ ಎಲ್ಲಾ ಚೆನ್ನಾಗಾಯ್ತಾ? ಅಲ್ಲೇ ಜಗುಲಿ ಮೇಲಿಡಮ್ಮ."

"ಅಮ್ಮೋರು ನಾನೇ ಬಂದು ಬಾಯಿಗೆ ಬಿಡ್ಬೇಕು ಅಂದಿದ್ರು ಅಕ್ಕ."

"ಅತ್ತೆಗೆ ಈಗ ಏನಂತಾರೋ ಅವರಿಗೇ ಗೊತ್ತಿರಲ್ಲ. ಇಡಮ್ಮ."

ಇಟ್ಟೆ. ಅವಳು ಒಳಗೆ ಹೋಗಿ ಒಂದು ಚೆಂಬು ನೀರು ತಂದಳು, ನಲ್ಲಿಯ ನೀರು. ಅದಕ್ಕೆ ಚಿಟಿಕೆ ಅರಿಶಿನ ಹಾಕಿದಳು. ಗಿಂಡಿಯ ಮೇಲೆ ಸುತ್ತ ಸುರಿದು ತೊಳೆದು, ಆಮೇಲೆ ಕೈಗೆತ್ತಿಕೊಂಡಳು.

"ಒಳಗಿರೋದು ಗಂಗೆ ಅಕ್ಕ," ಅಂದೆ.

"ಗೊತ್ತಮ್ಮ. ಒಳಗೇನೋ ಗಂಗೇನೇ. ನಾನು ತೊಳೆದಿದ್ದು ಹೊರಗಡೆ ಅಷ್ಟೆ. ಬೇಜಾರ್ ಮಾಡ್ಕೋಬೇಡ, ರೈಲಲ್ಲಿ ಎಲ್ಲೆಲ್ಲಿ ಇಟ್ಟಿರ್ತೀಯೋ."

ನಾನು ಕಿಟಕಿಯತ್ತ ತಿರುಗಿದೆ. ಯಶೋದಮ್ಮ ಎಲ್ಲವನ್ನೂ ನೋಡುತ್ತಿದ್ದರು. ಬುದ್ಧಿ ತಪ್ಪಿದವರ ಕಣ್ಣಲ್ಲ ಅದು, ಸರಿಯಾಗಿ ನನ್ನನ್ನೇ ನೋಡುತ್ತಿತ್ತು. ಬಾಯಿ ತೆರೆದರು. ಒಳಗೆಲ್ಲೋ ಚಿಕ್ಕವೆಂಕಟಪ್ಪನವರು ಕೆಮ್ಮಿದರು. ಯಶೋದಮ್ಮನ ಬಾಯಿ ಮುಚ್ಚಿತು, ಮತ್ತೆ ತೆರೆಯಿತು. "ಬಿಸಿಲಲ್ಲಿ ಬಂದವ್ರೆ," ಅಂದರು, ನನ್ನಿಂದ ಕಣ್ಣು ತೆಗೆದು. "ಟೀ ಕೊಡೇ ಶೋಭಾ."

ಟೀ ಬಂತು, ಪ್ಲಾಸ್ಟಿಕ್ ಲೋಟದಲ್ಲಿ. ಅಮ್ಮ ಹಬ್ಬದ ಸೀರೆಯಲ್ಲಿ ಅಂಗಳದ ನಡುವೆ ನಿಂತೇ ಇದ್ದಳು. ಅವಳ ಮುಖ ನೋಡಲು ನನ್ನಿಂದ ಆಗಲಿಲ್ಲ.

"ಮುಂದಿನ ವರ್ಷ ನಾವೂ ಕಾಶಿಗೆ ಹೋಗಣ ಅಂತಿದೀವಿ," ಅಂದಳು ಶೋಭಾರಾಣಿ, ಏನೂ ಆಗದವಳಂತೆ. "ಒಬ್ಬಳೇ ಹೋಗಿ ಬಂದ್ಬಿಟ್ಟೆ ನೋಡು! ನಮಗೂ ಏನಾದ್ರೂ ಟಿಪ್ಸ್ ಹೇಳಮ್ಮ."

"ಹೇಳ್ತೀನಿ ಅಕ್ಕ," ಅಂದೆ. "ದುಡ್ಡು ಒಂದೇ ಕಡೆ ಇಡ್ಬೇಡಿ. ದೋಣಿ ಹತ್ತೋ ಮೊದ್ಲು ಬಾಡಿಗೆ ಮಾತಾಡಿ. ಆಮೇಲೆ, ಅಲ್ಲಿ ಯಾರಾದ್ರೂ ಸತ್ರೆ ಚಿತೆಗೆ ಬೆಂಕಿ ನಮ್ಮಂಥೋರ ಕೈಯಿಂದಾನೇ ಇಸ್ಕೋಬೇಕು. ಅದ್ರ ಮೇಲೆ ಚೆಂಬು ನೀರು ಹಾಕಕ್ಕೆ ಹೋಗ್ಬೇಡಿ. ಆರೋಗುತ್ತೆ."

ಶೋಭಾರಾಣಿಯ ಮುಖ ಕಪ್ಪಿಟ್ಟಿತು. ನಾನು ಟೀಯನ್ನು ಮುಟ್ಟದೆ ಜಗುಲಿಯ ಒದ್ದೆಯ ಮೇಲೆ ಇಟ್ಟು ಹೊರಟೆ. ಗೆದ್ದೆ ಅನ್ನಿಸಿತು, ಕೇರಿಯ ತಿರುವು ಬರುವವರೆಗೆ. ಅಲ್ಲಿ ಅಮ್ಮ ನಿಂತಳು.

"ನಿಂಗೇನಮ್ಮ, ಸಂಬಳ ಬರುತ್ತೆ. ನಾಳೆ ಸೊಪ್ಪು ಹಾಕಕ್ಕೆ ಹೋಗೋಳು ನಾನು," ಅಂದಳು. ಆಮೇಲೆ ನೆರಿಗೆಯ ಧೂಳು ಕೊಡವಿಕೊಂಡು, "ನಾನು ಈ ಸೀರೆ ಉಡ್ಬಾರ್ದಿತ್ತು," ಅಂದಳು.

ಮಾರನೆಯ ದಿನ ಅಮ್ಮನನ್ನು ಕರೆದರು. ಹುಳು ನಾಲ್ಕನೇ ಜ್ವರದಿಂದ ಎದ್ದು ಹಸಿದಿದ್ದವು, ಕರೆಯದೆ ಏನು ಮಾಡಿಯಾರು?

ಕಾರ್ತಿಕ ಮುಗಿಯುವ ಮೊದಲೇ ಯಶೋದಮ್ಮ ಹೋಗಿಬಿಟ್ಟರು. ಕೊನೆಯಲ್ಲಿ ಗಿಂಡಿಯ ಬೆಸುಗೆ ಒಡೆದು ಬಾಯಿಗೆ ಗಂಗೆ ಬಿಟ್ಟದ್ದು ಶೋಭಾರಾಣಿ. ಹುಳುವಿನ ಶೆಡ್ಡಿನಲ್ಲಿದ್ದ ಅಮ್ಮನಿಗೆ ಎಲ್ಲ ಕೇಳಿಸಿತಂತೆ. "ಅಮೃತ ಬಂದ್ಲಾ?" ಎಂದು ಯಶೋದಮ್ಮ ಎರಡು ಸಲ ಕೇಳಿದರಂತೆ. "ಅವಳಿಗೆ ಇವತ್ತು ಇಸ್ಕೂಲು," ಅಂದರಂತೆ ಮನೆಯವರು. ಅದು ಭಾನುವಾರ. ನಾನು ಮನೆಯಲ್ಲೇ, ಕೂಗಿದರೆ ಕೇಳುವಷ್ಟು ದೂರದಲ್ಲಿ ಬಟ್ಟೆ ಒಗೆಯುತ್ತಿದ್ದೆ.

ಮಧ್ಯಾಹ್ನ ನಮ್ಮ ಕೇರಿಗೆ ಕರೆ ಬಂತು. ಮುನಿಗಂಗಪ್ಪಜ್ಜನ ಮಕ್ಕಳು ಹೊಂಗೆಯ ಸೌದೆ ಸೀಳಿದರು. ನನ್ನ ತಮ್ಮ ಅಂಬರೀಶನೂ ಅದನ್ನು ಹೆಗಲ ಮೇಲೆ ಹೊತ್ತುಕೊಂಡು ಹೋದ. ಒಂದೊಂದೇ ಕೊರಡು ನಮ್ಮವರ ಕೈಯಿಂದ ಅವರ ಕೈಗೆ ಹೋಗಿ ಚಿತೆಯಾಯಿತು. ನಾನು ದೂರದಲ್ಲಿ ನಿಂತು ಕೊನೆಯವರೆಗೂ ನೋಡಿದೆ. ಆ ಸೌದೆಯ ಮೇಲೆ ಯಾರೂ ನೀರು ಹಾಕಲಿಲ್ಲ.